ಮಣ್ಣು ಅಜ್ಜನದು, ಮರ ಸರ್ಕಾರದ್ದು

ನಮ್ಮಜ್ಜ ಗಿಡ ಕೀಳುವ ಮನುಷ್ಯನಲ್ಲ. ಸಾಗರ ಸೀಮೆಯ ಅಡಿಕೆ ತೋಟದವರು ಸಾಮಾನ್ಯವಾಗಿ ಹಾಗೆಯೇ. ಬೇಲಿಯಲ್ಲಿ ತಾನಾಗಿ ಹುಟ್ಟಿದ ಮುರುಗಲು ಗಿಡಕ್ಕೂ ಒಂದು ಉಪಯೋಗ ಇರುತ್ತದೆ ಅಂತ ಬಿಟ್ಟಿರುತ್ತಾರೆ. ಆದರೆ ಒಂದೇ ಒಂದು ಸಸಿ ಕಂಡರೆ ಅಜ್ಜನ ಸೊಂಟ ತಾನಾಗಿ ಬಾಗುತ್ತಿತ್ತು. ಹಕ್ಕಿ ಹಣ್ಣು ತಿಂದು ಬೇಲಿಸಾಲಿನಲ್ಲಿ ಉದುರಿಸಿದ ಬೀಜದಿಂದ ಹುಟ್ಟಿದ, ಗೇಣುದ್ದದ, ತೆಳು ಎಲೆಯ ಗಂಧದ ಸಸಿ. ಅಜ್ಜ ಅದನ್ನು ಬೇರುಸಮೇತ ಕಿತ್ತು, ಯಾರಾದರೂ ನೋಡಿದರೋ ಎಂಬಂತೆ ಒಮ್ಮೆ ಸುತ್ತ ನೋಡಿ, ದರಕಿನ ರಾಶಿಯ ಕೆಳಗೆ ತಳ್ಳಿಬಿಡುತ್ತಿದ್ದ. ಅದು 1980ರ ದಶಕ. ಶಾಲೆಯ ಪುಸ್ತಕದಲ್ಲಿ ನಾಡನ್ನು ಗಂಧದ ಗುಡಿ ಎಂದು ಓದಿಕೊಂಡು ಬಂದ ನನಗೆ ಇದು ಅರ್ಥವಾಗಲಿಲ್ಲ. ಕೇಳಿದೆ.

"ಬ್ಯಾಡ್ದೋ ತಮಾ, ಇದು ನಮ್ದಲ್ಲ. ಯಾರಾರೂ ಕಡ್ಕಂಡು ಹೋದ್ರೆ ಉತ್ತರ ಕೊಡವು ನಾವು."

ನಮ್ಮ ಬೇಲಿ, ನಮ್ಮ ಮಣ್ಣು, ನಮ್ಮ ಹೆಸರಿನ ಪಹಣಿ, ಆದರೆ ಗಿಡ ಮಾತ್ರ ನಮ್ಮದಲ್ಲ. ಕಾಡು ಯಾರ ಕೈಯಲ್ಲಿದ್ದರೆ ಉಳಿಯುತ್ತದೆ, ಸರ್ಕಾರದ ಕೈಯಲ್ಲೋ ಖಾಸಗಿಯವರ ಕೈಯಲ್ಲೋ ಎಂಬ ಚರ್ಚೆ ಎಲ್ಲಿಯೇ ನಡೆಯಲಿ, ನನಗೆ ಮೊದಲು ನೆನಪಾಗುವುದು ಅಜ್ಜನ ಆ ಕಳ್ಳನೋಟ. ಯಾಕೆಂದರೆ ಮಲೆನಾಡಿನ ಇತಿಹಾಸದಲ್ಲಿ ಕಾಡು ಯಾವತ್ತೂ ಇಡಿಯಾಗಿ ಒಬ್ಬರದಾಗಿರಲಿಲ್ಲ. ನೆಲ ಒಬ್ಬರದು, ಮರ ಇನ್ನೊಬ್ಬರದು, ಸೊಪ್ಪು ಮತ್ತೊಬ್ಬರದು, ಬಳ್ಳಿಯ ಮೇಲಿನ ಮೆಣಸು ಮಗದೊಬ್ಬರದು.

ಗಂಧದ ಕತೆಯನ್ನೇ ಮೊದಲು ಮುಗಿಸುತ್ತೇನೆ. ಟಿಪ್ಪು ಸುಲ್ತಾನ 1792ರಲ್ಲಿ ಗಂಧವನ್ನು ರಾಜವೃಕ್ಷ ಎಂದು ಸಾರಿದ ಎನ್ನುತ್ತಾರೆ. ಅದೇ ವರ್ಷ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಅರ್ಧ ರಾಜ್ಯ, ಮೇಲೆ ಕೋಟಿಗಟ್ಟಲೆ ದಂಡ, ಎರಡನ್ನೂ ಕಳೆದುಕೊಂಡಿದ್ದ ದೊರೆಗೆ ಹಣ ಬೇಕಿತ್ತು. ಟಿಪ್ಪು ಹೋದರೂ ಆ ಪದ್ಧತಿ ಹೋಗಲಿಲ್ಲ. ಒಡೆಯರ ಆಡಳಿತ, ಕಮಿಷನರುಗಳ ಆಡಳಿತ, ಮತ್ತೆ ಒಡೆಯರು, ಕೊನೆಗೆ ಪ್ರಜಾಪ್ರಭುತ್ವ, ಎಲ್ಲರೂ ಅದನ್ನು ಜೋಪಾನವಾಗಿ ಮುಂದುವರಿಸಿದರು. ಮೈಸೂರಿನ ಗಂಧ ಯೂರೋಪಿಗೆ ಹೋಗಿ ಎಣ್ಣೆಯಾಗುತ್ತಿತ್ತು. 1914ರಲ್ಲಿ ಮೊದಲ ಮಹಾಯುದ್ಧ ಶುರುವಾಗಿ ಆ ದಾರಿ ಕಟ್ಟಿಹೋದಾಗ, ಮೈಸೂರು ಸರ್ಕಾರ ತಾನೇ ಎಣ್ಣೆ ತೆಗೆಯಲು ಹೊರಟು 1916ರಲ್ಲಿ ಬೆಂಗಳೂರಿನಲ್ಲಿ ಕಾರ್ಖಾನೆ ಹಾಕಿತು. ಹೆಮ್ಮೆಯ ಕತೆಯೇ, ಸುಳ್ಳಲ್ಲ. ಆದರೆ ಆ ಕಾರ್ಖಾನೆಗೆ ಹೋಗುವ ಮರ ರೈತನ ಹೊಲದ ಬದುವಿನಲ್ಲಿ ಬೆಳೆದಿದ್ದರೂ ಅದು ರೈತನದಾಗಿರಲಿಲ್ಲ. ಕಾಯುವ ಹೊಣೆ ಅವನದು. ಸರ್ಕಾರ ಕಡಿಸಿದಾಗ ಬೆಲೆಯಲ್ಲಿ ಒಂದಿಷ್ಟು ಪಾಲು ಕೊಡುತ್ತಿದ್ದರು. ಕಳವಾದರೆ ಮೊದಲ ಅನುಮಾನವೂ ಅವನ ಮೇಲೆಯೇ.

ಗಂಧ ವಿಚಿತ್ರ ಗಿಡ. ಅದರ ಬೇರು ಅಕ್ಕಪಕ್ಕದ ಗಿಡಗಳ ಬೇರಿಗೆ ಅಂಟಿಕೊಂಡು ಅಲ್ಲಿಂದ ನೀರು, ಪೋಷಣೆ ಹೀರುತ್ತದೆ. ಒಂಟಿಯಾಗಿ ಬಯಲಲ್ಲಿ ನೆಟ್ಟರೆ ಸೊರಗುತ್ತದೆ. ದಟ್ಟ ಕಾಡಿನ ನೆರಳೂ ಅದಕ್ಕೆ ಒಗ್ಗುವುದಿಲ್ಲ. ಬೇಲಿ, ಬದು, ಕುರುಚಲು, ಹೊಲದ ಅಂಚು, ಅಂದರೆ ಮನುಷ್ಯರು ಓಡಾಡುವ ಜಾಗವೇ ಅದರ ತವರು. ಹಾಗಾಗಿ ಅದರ ಭವಿಷ್ಯ ನಿಂತಿದ್ದದ್ದು ಅರಣ್ಯಾಧಿಕಾರಿಯ ಮೇಲಲ್ಲ, ಬೇಲಿ ಸವರುವ ಕತ್ತಿಯ ಮೇಲೆ. ಆ ಕತ್ತಿ ಹಿಡಿದವನಿಗೆ ಗಿಡ ಬೆಳೆದರೆ ಬರುವುದು ತಾಪತ್ರಯ ಮಾತ್ರ ಎಂದಾದ ಮೇಲೆ ಏನಾಗಬೇಕೋ ಅದೇ ಆಯಿತು. 1899ರಲ್ಲಿ ಕೊಡಗಿನಲ್ಲಿ ಗುರುತಿಸಿದ ಸ್ಪೈಕ್ ರೋಗ, ಆಮೇಲೆ ಕಳ್ಳಸಾಗಣೆ, ವೀರಪ್ಪನ್ ಇವೆಲ್ಲ ಪತ್ರಿಕೆಯಲ್ಲಿ ಬಂದವು. ಸಾವಿರಾರು ಅಜ್ಜಂದಿರು ಸದ್ದಿಲ್ಲದೆ ಕಿತ್ತೆಸೆದ ಸಸಿಗಳು ಯಾವ ಲೆಕ್ಕಕ್ಕೂ ಸಿಗಲಿಲ್ಲ. ಕರ್ನಾಟಕ ಅರಣ್ಯ ಕಾಯ್ದೆಗೆ 2001ರಲ್ಲಿ ತಿದ್ದುಪಡಿ ತಂದು, ಜಮೀನಿನವನೇ ತನ್ನ ಗಂಧದ ಮರಕ್ಕೆ ಒಡೆಯ ಎಂದು ಒಪ್ಪಿಕೊಳ್ಳುವ ಹೊತ್ತಿಗೆ ಎರಡು ಶತಮಾನ ಕಳೆದಿತ್ತು.

ಇದನ್ನು ಓದಿ, ಹಾಗಾದರೆ ಎಲ್ಲವನ್ನೂ ಖಾಸಗಿ ಮಾಡಿಬಿಡಿ ಎನ್ನುವವರು ಸ್ವಲ್ಪ ತಾಳಬೇಕು. ಕೇರಳದ ಮರಯೂರಿನಲ್ಲಿ ಸಹಜ ಗಂಧದ ಕಾಡು ಇಂದಿಗೂ ನಿಂತಿದೆ. ಅದು ಪೂರಾ ಸರ್ಕಾರದ್ದು. ಬೇಲಿ ಹಾಕಿ, ಹಗಲೂ ರಾತ್ರಿ ಕಾವಲಿಟ್ಟು ಉಳಿಸಿಕೊಂಡಿದ್ದಾರೆ. ಅಷ್ಟು ಕಾವಲನ್ನು ನಾಡಿನ ಪ್ರತಿ ಬದುವಿಗೂ ಇಡಲಾಗುವುದಿಲ್ಲ ಎನ್ನುವುದು ಬೇರೆ ಮಾತು.

ಈಗ ಇನ್ನಷ್ಟು ಹಿಂದಕ್ಕೆ ಹೋಗೋಣ. ಟಿಪ್ಪು ಬಿದ್ದ ಮರುವರ್ಷ, 1800ರಲ್ಲಿ, ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯ ಮದರಾಸಿನಿಂದ ಹೊರಟು ಮೈಸೂರು, ಮಲಬಾರು, ಕೆನರಾ ಸುತ್ತಿದ. ಕಂಪನಿಗೆ ಹೊಸದಾಗಿ ಸಿಕ್ಕ ನಾಡಿನಲ್ಲಿ ಏನೇನಿದೆ ಎಂದು ಪಟ್ಟಿ ಮಾಡುವುದು ಅವನ ಕೆಲಸ. ಕೆನರಾದಲ್ಲಿ ಅವನು ಕಾಡು ಯಾರದು ಎಂದು ವಿಚಾರಿಸಿದಾಗ ಸಿಕ್ಕ ಉತ್ತರವನ್ನು ಬರೆದಿಟ್ಟಿದ್ದಾನೆ: ಕಾಡು ಊರ ದೇವರದು. ಮರ ಕಡಿಯಬೇಕಾದರೆ ಊರ ಗೌಡನ ಅಪ್ಪಣೆ ಬೇಕು, ಅವನೇ ಆ ದೇವರ ಪೂಜಾರಿ. ಅಪ್ಪಣೆಗೆ ದುಡ್ಡೇನೂ ಕೊಡಬೇಕಿಲ್ಲ. ಕೇಳದೆ ಕಡಿದರೆ ಮಾತ್ರ ದೇವರು ಸುಮ್ಮನಿರುವುದಿಲ್ಲ. ಇಷ್ಟು ಬರೆದು ಬುಕಾನನ್ ತನ್ನದೊಂದು ಷರಾ ಸೇರಿಸುತ್ತಾನೆ: ಇದು ಸರ್ಕಾರ ಕಾಡಿನ ಮೇಲೆ ಹಕ್ಕು ಸಾಧಿಸದಂತೆ ಜನ ಹೂಡಿದ ಉಪಾಯವಷ್ಟೇ.

ಈ ಷರಾ ಓದಿದಾಗಲೆಲ್ಲ ನನಗೆ ನಗು ಬರುತ್ತದೆ. ಅವನು ತಪ್ಪು ಹೇಳಿದ ಅಂತಲ್ಲ. ಬಹುಶಃ ಅರ್ಧ ಸರಿಯಾಗಿಯೇ ಊಹಿಸಿದ್ದ. ಆದರೆ ಉಪಾಯವೇ ಆಗಿದ್ದರೂ ಅದು ಎಂಥ ಉಪಾಯ ನೋಡಿ. ಒಡೆತನವನ್ನು ಯಾರಿಗೂ ಮಾರಲಾಗದ, ಸಾಲಕ್ಕೆ ಅಡವಿಡಲಾಗದ, ಸಾಯದ ಒಬ್ಬನ ಹೆಸರಿಗೆ ಬರೆದು, ಅಪ್ಪಣೆ ಕೊಡುವ ಅಧಿಕಾರವನ್ನು ಮಾತ್ರ ಊರಲ್ಲೇ ಇಟ್ಟುಕೊಂಡಿದ್ದರು. ಕಂಪನಿಯ ಮನುಷ್ಯನಿಗೆ ಒಡೆತನ ಎಂದರೆ ಒಂದೋ ದೊರೆಯದು, ಇಲ್ಲವೋ ರೈತನದು. ಮೂರನೆಯದನ್ನು ಕಂಡರೆ ಅದು ಮೋಸದಂತೆ ಕಂಡಿತು.

ಮೋಸವೋ ಅಲ್ಲವೋ, ಅಂಥ ಮೂರನೆಯ ಬಗೆಗಳಿಗೆ ನಮ್ಮಲ್ಲಿ ಎಷ್ಟು ಹೆಸರುಗಳಿವೆ! ದಕ್ಷಿಣ ಕನ್ನಡದಲ್ಲಿ ವರ್ಗದ ಜಮೀನಿನ ಸುತ್ತ ನೂರು ಗಜದಷ್ಟು ಹಬ್ಬಿದ ಕುಮ್ಕಿ, ಕಾನೆ, ಬಾಣೆ, ಕೊಡಗಿನ ಜಮ್ಮಾ, ಘಟ್ಟದ ಮೇಲಿನ ಸೊಪ್ಪಿನಬೆಟ್ಟ, ಕಾನು, ಹಾಡಿ. ಕಂದಾಯ ಕಚೇರಿಯಲ್ಲಿ ಈ ಹೆಸರುಗಳನ್ನು ಇಂದಿಗೂ ಒಂದೇ ಉಸಿರಿನಲ್ಲಿ ಹೇಳುತ್ತಾರೆ. ಒಂದೊಂದಕ್ಕೂ ಬೇರೆ ಬೇರೆ ಹಕ್ಕು, ಬೇರೆ ಬೇರೆ ಮಿತಿ. ಸೊರಬದ ಕಾನುಗಳನ್ನು ನೋಡಲು 1868ರಲ್ಲಿ ಡಯಟ್ರಿಚ್ ಬ್ರಾಂಡಿಸ್ ಮತ್ತು ಗ್ರಾಂಟ್ ಬಂದಿದ್ದರು. ಆ ಒಂದೇ ತಾಲ್ಲೂಕಿನಲ್ಲಿ 171 ಕಾನುಗಳು, 32 ಸಾವಿರಕ್ಕೂ ಹೆಚ್ಚು ಎಕರೆ. ನಿತ್ಯಹಸುರಿನ ಮರಗಳ ನಡುವೆ ಕಾಳುಮೆಣಸು, ಬೈನೆ. ಊರಿನ ಮನೆತನಗಳು ಸರ್ಕಾರಕ್ಕೆ ಕಾನಿನ ತೆರಿಗೆ ಕಟ್ಟಿ ಮೆಣಸು ಕೊಯ್ದುಕೊಳ್ಳುತ್ತಿದ್ದರು. ಅದು ಕಾಡೋ ತೋಟವೋ ಎಂದು ಕೇಳಿದರೆ ಊರವರಿಗೆ ಪ್ರಶ್ನೆಯೇ ಅರ್ಥವಾಗುತ್ತಿರಲಿಲ್ಲ.

ಕಂಪನಿಗೆ ಮೊದಲು ಬೇಕಾದದ್ದು ಹಡಗಿಗೆ ತೇಗ. 1806ರಲ್ಲಿ ಕ್ಯಾಪ್ಟನ್ ವಾಟ್ಸನ್‌ನನ್ನು ಅರಣ್ಯ ಸಂರಕ್ಷಕನಾಗಿ ನೇಮಿಸಿ ಮಲಬಾರು, ಕೆನರಾ ಕರಾವಳಿಯಲ್ಲಿ ಮರದ ಏಕಸ್ವಾಮ್ಯ ಹೇರಿದರು. ತನ್ನ ಹಿತ್ತಲ ಮರ ಕಡಿಯಲೂ ಜನ ಅಪ್ಪಣೆ ಕೇಳಬೇಕಾಯಿತು. ಗಲಾಟೆ ಎದ್ದಿತು. 1823ರಲ್ಲಿ ಆ ಏಕಸ್ವಾಮ್ಯವನ್ನು ರದ್ದು ಮಾಡಿದವನು ಮದರಾಸಿನ ಗವರ್ನರ್ ಥಾಮಸ್ ಮನ್ರೋ. ಅವನು ಹಿಂದೆ ಕೆನರಾದ ಮೊದಲ ಕಲೆಕ್ಟರ್ ಆಗಿದ್ದವನು. ಇಲ್ಲಿನ ಜಮೀನು ಹಳೆಯ ಕಾಲದಿಂದ ಖಾಸಗಿ ಆಸ್ತಿ ಎಂದು 1800ರಲ್ಲೇ ಒಪ್ಪಿಕೊಂಡಿದ್ದವನು. ಮುಂದಿನ ಕಾಲು ಶತಮಾನ ಕಾಡು ಮತ್ತೆ ವ್ಯಾಪಾರಿಗಳ ಕೈಗೆ ಬಂತು. ಅವರೇನು ಮರಗಳನ್ನು ಮುದ್ದಿಸಲಿಲ್ಲ. ಮಲಬಾರಿನಲ್ಲಿ ದೊಡ್ಡ ತೇಗ ಎಷ್ಟು ಬೇಗ ಮುಗಿಯುತ್ತ ಬಂತೆಂದರೆ, 1840ರ ದಶಕದಲ್ಲಿ ಕಲೆಕ್ಟರ್ ಕಾನೊಲಿ ನಿಲಂಬೂರಿನಲ್ಲಿ ತೇಗವನ್ನು ನೆಟ್ಟು ಬೆಳೆಸಲು ಹೊರಡಬೇಕಾಯಿತು. ಏಕಸ್ವಾಮ್ಯವೂ ಕಡಿಯಿತು, ಮುಕ್ತ ವ್ಯಾಪಾರವೂ ಕಡಿಯಿತು.

ಆಮೇಲೆ ರೈಲು ಬಂತು, ಹಳಿಯ ಕೆಳಗೆ ಹಾಸಲು ಮರದ ದಿಮ್ಮಿ ಬೇಕಾಯಿತು. 1864ರಲ್ಲಿ ಅರಣ್ಯ ಇಲಾಖೆ, 1865ರಲ್ಲಿ ಮೊದಲ ಕಾಯ್ದೆ, 1878ರಲ್ಲಿ ನಿಜವಾದ ಹಲ್ಲುಳ್ಳ ಕಾಯ್ದೆ. ಈ 1878ರ ಕಾಯ್ದೆಯ ಹಿಂದಿನ ವಾದವೇ ನಮ್ಮ ವಿಷಯದ ಗಂಟು. ಬೇಡನ್ ಪವೆಲ್ ಎಂಬ ಅಧಿಕಾರಿಯ ವಾದ ಸರಳ: ಪೂರ್ವದೇಶದ ದೊರೆಗೆ ಪಾಳು ನೆಲದ ಮೇಲೆಲ್ಲ ಅಧಿಕಾರವಿತ್ತು, ಆ ಅಧಿಕಾರ ಈಗ ನಮಗೆ ಬಂದಿದೆ, ಜನ ಕಾಡಿನಲ್ಲಿ ಇಷ್ಟು ದಿನ ಮಾಡಿಕೊಂಡು ಬಂದದ್ದು ದೊರೆ ಕಣ್ಣುಮುಚ್ಚಿಕೊಂಡಿದ್ದರಿಂದ, ಹಕ್ಕಿನಿಂದಲ್ಲ. ಅದು 'ಹಕ್ಕು' ಅಲ್ಲ, 'ಸವಲತ್ತು'. ಹಕ್ಕನ್ನು ಕಿತ್ತುಕೊಂಡರೆ ಪರಿಹಾರ ಕೊಡಬೇಕು, ಸವಲತ್ತನ್ನು ಕಿತ್ತುಕೊಂಡರೆ ಕೊಡಬೇಕಿಲ್ಲ. ಇದಕ್ಕೆ ಎದುರು ನಿಂತದ್ದು ಸರ್ಕಾರದೊಳಗಿನವರೇ. ಮದರಾಸಿನ ಕಂದಾಯ ಮಂಡಳಿ 1871ರಲ್ಲೇ, ಈ ಪ್ರಾಂತ್ಯದಲ್ಲಿ ಯಾವುದಾದರೊಂದು ಊರಿನ ಎಲ್ಲೆಗೆ ಸೇರದ ಕಾಡು ಸಿಗುವುದೇ ಅಪರೂಪ ಎಂದು ಬರೆದಿತ್ತು. ಸ್ವತಃ ಬ್ರಾಂಡಿಸ್, ಊರುಗಳಿಗೇ ಒಂದಿಷ್ಟು ಕಾಡು ಬಿಟ್ಟುಕೊಡಬೇಕು ಎನ್ನುತ್ತಿದ್ದ. ಕಾಯ್ದೆಯಲ್ಲಿ ಗ್ರಾಮಾರಣ್ಯ ಎಂಬ ಒಂದು ಅಧ್ಯಾಯ ಸೇರಿತು, ಹೌದು. ಬಳಕೆಗೆ ಬಂದದ್ದು ತೀರ ಕಡಿಮೆ. ಮದರಾಸು ತನ್ನದೇ ಬೇರೆ ಕಾಯ್ದೆಯನ್ನು 1882ರಲ್ಲಿ ಮಾಡಿಕೊಂಡಿತು. ಅಷ್ಟರಲ್ಲಿ ಉತ್ತರ ಕೆನರಾವನ್ನು 1862ರಲ್ಲಿ ಮುಂಬಯಿಗೆ ಸೇರಿಸಿಯಾಗಿತ್ತು. ಒಂದೇ ಕೆನರಾ ಎರಡು ಪ್ರಾಂತ್ಯವಾಗಿ, ಎರಡು ಕಾಯ್ದೆಗೆ ಒಳಪಟ್ಟಿತು.

ಹಕ್ಕಲ್ಲ, ಸವಲತ್ತು ಎಂಬ ಈ ಮಾತಿನ ಬಿಸಿ ಗೊತ್ತಾಗಬೇಕಾದರೆ ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಹೋಗಬೇಕು. ನಮ್ಮ ದೊಡ್ಡತ್ತೆಯ ಮನೆ ಸಿದ್ದಾಪುರದ ಕಡೆ. ರಜೆಯಲ್ಲಿ ಅಲ್ಲಿಗೆ ಹೋದಾಗ ನಾನು ನೋಡಿದ ಮೊದಲ ಸೊಪ್ಪಿನಬೆಟ್ಟ ಅವರದೇ. ಅಡಿಕೆ ತೋಟ ಇರುವುದು ಕಣಿವೆಯ ತಗ್ಗಿನಲ್ಲಿ. ಮಳೆ ಅಲ್ಲಿ ಮಣ್ಣಿನ ಸಾರವನ್ನು ವರ್ಷವರ್ಷ ತೊಳೆದುಕೊಂಡು ಹೋಗುತ್ತದೆ. ಅದನ್ನು ತುಂಬಿಕೊಡಬೇಕಾದದ್ದು ಸುತ್ತಲ ಗುಡ್ಡ. ಮಳೆಗಾಲಕ್ಕೆ ಹಸಿಸೊಪ್ಪು ಕೊಯ್ದು ಕೊಟ್ಟಿಗೆಗೆ ಹಾಸಬೇಕು, ಬೇಸಗೆಯಲ್ಲಿ ದರಕು ಗುಡಿಸಿ ತರಬೇಕು, ದನ ತುಳಿದ ಗೊಬ್ಬರ ಗುಂಡಿಯಲ್ಲಿ ಕಳಿತು ತೋಟಕ್ಕೆ ಹೋಗಬೇಕು. ಬೆಟ್ಟವಿಲ್ಲದ ತೋಟ ಎಂದರೆ ಹಟ್ಟಿಯಿಲ್ಲದ ದನ. ಇದನ್ನು ಬ್ರಿಟಿಷರೂ ಒಪ್ಪಿಕೊಂಡಿದ್ದರು. ಘಟ್ಟದ ಮೇಲೆ ಒಂದು ಎಕರೆ ತೋಟಕ್ಕೆ 9 ಎಕರೆವರೆಗೂ ಬೆಟ್ಟ ಬಿಟ್ಟುಕೊಡುವ ಪದ್ಧತಿ ಬಂತು. ನೆಲ ಅರಣ್ಯ ಇಲಾಖೆಯದು. ಸೊಪ್ಪು, ದರಕು, ಹುಲ್ಲು, ಉರುವಲು ತೋಟದವನದು. ಬೆಲೆಬಾಳುವ ಬೀಟೆ, ತೇಗ, ಗಂಧ ಸರ್ಕಾರದ್ದು. ಬೆಟ್ಟವನ್ನು ತೋಟದಿಂದ ಬಿಡಿಸಿ ಮಾರುವಂತಿಲ್ಲ, ಉಳುವಂತಿಲ್ಲ.

ಅಂದರೆ ಒಂದೇ ಗುಡ್ಡದ ಮೇಲೆ ಸರ್ಕಾರಿಯೂ ಖಾಸಗಿಯೂ ಜೊತೆಯಾಗಿ ಇವೆ. ಅದರ ಸ್ಥಿತಿ ಹೇಗಿದೆ? ಇದಕ್ಕೆ ಒಂದೇ ಉತ್ತರ ಕೊಟ್ಟವರನ್ನು ನಾನು ನಂಬುವುದಿಲ್ಲ. ದೊಡ್ಡತ್ತೆಯ ಮನೆಯ ಬೆಟ್ಟಕ್ಕೆ ಸುತ್ತ ಅಗಳ ತೋಡಿದ್ದರು. ಒಳಗೆ ಮತ್ತಿ, ಕಿಂದಳ, ಹೊನ್ನೆ, ನಂದಿ ಒತ್ತಾಗಿ ನಿಂತಿದ್ದವು. ಕೊಂಬೆ ಸವರಿಸಿಕೊಂಡು ಸವರಿಸಿಕೊಂಡು ಗಂಟುಗಂಟಾದ ಮರಗಳು. ಕಾಡಿನ ಮರದಂತೆ ನೆಟ್ಟಗಿಲ್ಲ, ಚೆಂದವಿಲ್ಲ, ಆದರೆ ಜೀವಂತ. ಮಾವ ಒಂದು ಮರದ ಸೊಪ್ಪನ್ನು ಒಂದು ವರ್ಷ ಕೊಯ್ದರೆ ಮುಂದಿನ ವರ್ಷ ಮುಟ್ಟುತ್ತಿರಲಿಲ್ಲ, ತುದಿಯ ಕೊಂಬೆಗಳನ್ನು ಯಾವತ್ತೂ ಬಿಡುತ್ತಿದ್ದರು. ಅಗಳದ ಆಚೆಗೆ ಅದೇ ಮಣ್ಣು, ಅದೇ ಮಳೆ, ಆದರೆ ಯಾರ ಹೆಸರಿಗೂ ಇಲ್ಲದ ಸರ್ಕಾರಿ ಗುಡ್ಡ. ಅಲ್ಲಿ ಬರೀ ಹುಲ್ಲು, ನಡುನಡುವೆ ಕೌಳಿ. ಈ ಕಡೆ ನೋಡಿದರೆ ಖಾಸಗಿ ಹಕ್ಕಿನ ಗೆಲುವು ಎನಿಸುತ್ತದೆ. ಆದರೆ ಅದೇ ಊರಿನ ಇನ್ನೊಬ್ಬರ ಬೆಟ್ಟ ಆಚೆಯ ಗುಡ್ಡಕ್ಕಿಂತ ಬೋಳಾಗಿತ್ತು. ಅವರ ಮನೆ ಪಾಲಾಗಿ ನಾಲ್ಕಾಗಿತ್ತು, ಬೆಟ್ಟದ ಪಾಲು ಮಾತ್ರ ತೀರ್ಮಾನವಾಗದೆ ನಾಲ್ವರೂ ಸೊಪ್ಪು ಕೊಯ್ಯುತ್ತಿದ್ದರು. ಇನ್ನೊಂದು ಮಾತನ್ನೂ ಹೇಳಲೇಬೇಕು. ಬೆಟ್ಟ ಸಿಕ್ಕಿದ್ದು ತೋಟ ಇದ್ದವರಿಗೆ. ತೋಟವಿಲ್ಲದ ಕೂಲಿಯವರಿಗೆ ಬೆಟ್ಟವಿಲ್ಲ. ಕುಮರಿ ಬೇಸಾಯ ಮಾಡುತ್ತಿದ್ದವರ ಕುಮರಿಯನ್ನು 1860ರ ಸುಮಾರಿಗೇ ನಿಲ್ಲಿಸಲಾಗಿತ್ತು. ನಮ್ಮವರು ಒಂಬತ್ತು ಎಕರೆಗೆ ಅಗಳ ತೋಡಿದಾಗ ಅಗಳದ ಆಚೆ ಉಳಿದದ್ದು ಬರೀ ಹುಲ್ಲಲ್ಲ, ಮನುಷ್ಯರೂ ಹೌದು. ಆ ಬೋಳುಗುಡ್ಡಕ್ಕೆ ಊರಿನ ಉಳಿದವರೆಲ್ಲರ ಉರುವಲಿನ ಭಾರ ಬಿದ್ದಿತ್ತು ಎನ್ನುವುದು ನನಗೆ ಹೊಳೆದದ್ದು ಬಹಳ ತಡವಾಗಿ.

ಸರ್ಕಾರ ತನ್ನ ಸ್ವಂತದ್ದನ್ನು ಹೇಗೆ ನೋಡಿಕೊಂಡಿತು? ಅದೇ ಜಿಲ್ಲೆಯ ಬಿದಿರು ನೋಡಿ. 1950ರ ದಶಕದಲ್ಲಿ ದಾಂಡೇಲಿಗೆ ಕಾಗದ ಕಾರ್ಖಾನೆ ಬಂತು. ಅದಕ್ಕೆ ಸರ್ಕಾರ ಬಿದಿರು ಕೊಟ್ಟ ದರ ಟನ್ನಿಗೆ 1 ರೂಪಾಯಿ 50 ಪೈಸೆ. ಬುಟ್ಟಿ ಹೆಣೆಯುವ ಮೇದಾರ ಮಾರುಕಟ್ಟೆಯಲ್ಲಿ ಕೊಡುತ್ತಿದ್ದ ಬೆಲೆಗೂ ಇದಕ್ಕೂ ಹೋಲಿಕೆಯೇ ಇಲ್ಲ. ಇಪ್ಪತ್ತು ವರ್ಷದೊಳಗೆ ಬಿದಿರು ಬರಿದಾಗುತ್ತಾ ಬಂದಾಗ ದೂರು ಹಳ್ಳಿಯವರ ಮೇಲೆ, ಅವರ ದನದ ಮೇಲೆ ಬಂತು. 1970ರ ದಶಕದಲ್ಲಿ ಮಾಧವ ಗಾಡ್ಗೀಳ್ ಮತ್ತು ಸಂಗಡಿಗರು ಕಾಡಿಗೆ ಹೋಗಿ ಮೆಳೆಮೆಳೆಯನ್ನೂ ನೋಡಿದರು. ಹೆಬ್ಬಿದಿರಿನ ಮೆಳೆಯ ಬುಡದಲ್ಲಿ ಮುಳ್ಳುಗೊಂಬೆಗಳ ದಟ್ಟ ಹೊದಿಕೆ ಇರುತ್ತದೆ. ಕಾರ್ಖಾನೆಯ ಕಡಿತದಲ್ಲಿ ಆ ಮುಳ್ಳನ್ನು ಸವರಿ ಬುಡ ಚೊಕ್ಕಟ ಮಾಡುತ್ತಿದ್ದರು, ಗಾಳಿ ಬೆಳಕು ಆಡಿದರೆ ಮೆಳೆಗೆ ಒಳ್ಳೆಯದು ಎಂಬುದು ಪುಸ್ತಕದ ವಿದ್ಯೆ. ಬೆತ್ತಲಾದ ಬುಡದಲ್ಲಿ ಹುಟ್ಟಿದ ಎಳೆ ಕಳಲೆಯನ್ನು ದನವೂ ಕಾಡುಪ್ರಾಣಿಯೂ ಮೇಯುತ್ತಿದ್ದವು. ಹಳ್ಳಿಯವನು ತನಗೆ ಬೇಕಾದ ಒಂದೆರಡು ಗಳವನ್ನು ಮೇಲಿನಿಂದ ಕಡಿದು, ಮುಳ್ಳನ್ನು ಅಲ್ಲೇ ಬಿಟ್ಟು ಬರುತ್ತಿದ್ದ. ಅವನು ಪರಿಸರಪ್ರೇಮಿ ಎಂದಲ್ಲ, ಮುಳ್ಳು ಬಿಡಿಸುವ ಕಷ್ಟ ಯಾರಿಗೆ ಬೇಕು ಎಂದು. ಆದರೆ ಕಳಲೆ ಉಳಿಯುತ್ತಿದ್ದದ್ದು ಅವನ ಮೆಳೆಯಲ್ಲೇ.

ಕೊಡಗಿಗೆ ಬಂದರೆ ಗಂಧದ ಕತೆ ಇನ್ನೊಂದು ರೂಪದಲ್ಲಿ ಎದುರಾಗುತ್ತದೆ. ಗದ್ದೆಗೆ ಸೊಪ್ಪು, ಉರುವಲು, ಮೇವು ಒದಗಿಸಲು ಗದ್ದೆಯ ಜೊತೆಗೇ ಬಂದ ಕಾಡುನೆಲ ಬಾಣೆ. ಹತ್ತೊಂಬತ್ತನೆಯ ಶತಮಾನದಲ್ಲಿ ಅದರೊಳಗೆ ಕಾಫಿ ಹೊಕ್ಕಿತು. ಕಾಡಿನ ಮರಗಳ ನೆರಳಲ್ಲೇ ಕಾಫಿ. ಆದರೆ ಆ ಮರಗಳು ಯಾರವು? ಸರ್ಕಾರಕ್ಕೆ ಮರದ ಬೆಲೆ ಕಟ್ಟಿ ಬಿಡಿಸಿಕೊಂಡ ಜಮೀನಾದರೆ ಬೆಳೆಗಾರನವು, ಇಲ್ಲವಾದರೆ ಸರ್ಕಾರದವು. ಕಚೇರಿಯ ಭಾಷೆಯಲ್ಲಿ ರಿಡೀಮ್ಡ್, ಅನ್‌ರಿಡೀಮ್ಡ್. ಅನ್‌ರಿಡೀಮ್ಡ್ ಜಮೀನಿನ ಹಳೆಯ ಕಾಡುಮರ ಬೆಳೆಗಾರನಿಗೆ ನೆರಳು ಕೊಡುತ್ತದೆ, ದುಡ್ಡು ಕೊಡುವುದಿಲ್ಲ. ಆಸ್ಟ್ರೇಲಿಯಾದಿಂದ ಬಂದ ಸಿಲ್ವರ್ ಓಕ್ ಮಾತ್ರ ನೆಟ್ಟವನದು. ಬೇಗ ಬೆಳೆಯುತ್ತದೆ, ನೆಟ್ಟಗೆ ಹೋಗುತ್ತದೆ, ಮೆಣಸಿನ ಬಳ್ಳಿ ಹಬ್ಬಿಸಲು ಹೇಳಿ ಮಾಡಿಸಿದ ಹಾಗಿರುತ್ತದೆ, ಕಡಿದು ಮಾರುವುದೂ ಸುಲಭ. ಹಳೆಯ ಮರ ಗಾಳಿಗೆ ಬಿದ್ದರೆ ಆ ಜಾಗಕ್ಕೆ ಏನು ನೆಡುತ್ತಾರೆ ಎಂದು ಬೇರೆ ಹೇಳಬೇಕೆ? ದೇಸಿ ಮರವನ್ನು ಕಾಪಾಡಲೆಂದು ಇಟ್ಟುಕೊಂಡ ನಿಯಮವೇ ವಿದೇಶಿ ಮರವನ್ನು ಕರೆತಂದಿತು ಎಂದು ಕೊಡಗಿನಲ್ಲಿ ಕೆಲಸ ಮಾಡಿದ ಸಂಶೋಧಕರು ತೋರಿಸಿದ್ದಾರೆ. 2005ರಲ್ಲಿ ಪ್ರಕಟವಾದ ಒಂದು ಅಧ್ಯಯನ ಅಲ್ಲಿನ ಮೀಸಲು ಅರಣ್ಯ, ದೇವರಕಾಡು, ಕಾಫಿ ತೋಟ ಮೂರನ್ನೂ ಅಕ್ಕಪಕ್ಕ ಇಟ್ಟು ಮರ, ಹಕ್ಕಿ, ಅಣಬೆಗಳನ್ನು ಎಣಿಸಿತು. ಪಶ್ಚಿಮಘಟ್ಟಕ್ಕೆ ಮಾತ್ರ ಸೀಮಿತವಾದ ಮರಗಳು ಹೆಚ್ಚು ಇದ್ದದ್ದು ಸರ್ಕಾರದ ಮೀಸಲು ಅರಣ್ಯದಲ್ಲಿ. ಅಳಿವಿನ ಅಂಚಿನ ಮರಗಳು ಹೆಚ್ಚು ಸಿಕ್ಕಿದ್ದು ದೇವರಕಾಡಿನಲ್ಲಿ. ಇದರಿಂದ ಯಾವ ಪಕ್ಷದವರಿಗೂ ಪೂರ್ತಿ ಸಂತೋಷವಾಗುವುದಿಲ್ಲ.

ದೇವರಕಾಡು ಎಂದೆನಲ್ಲ, ಬುಕಾನನ್‌ನ ಊರದೇವರಿಗೆ ಕೊನೆಗೆ ಏನಾಯಿತು ಎನ್ನುವುದಕ್ಕೂ ಕೊಡಗಿನಲ್ಲಿ ಲೆಕ್ಕವಿದೆ. 1905ರಲ್ಲಿ ದಾಖಲೆಯಲ್ಲಿದ್ದ ದೇವರಕಾಡು 15,506 ಎಕರೆ. ಅವನ್ನು ಕಂದಾಯ ಇಲಾಖೆಯ ಸುಪರ್ದಿಗೆ ಕೊಡಲಾಯಿತು. 1985ರಲ್ಲಿ ಅರಣ್ಯ ಇಲಾಖೆಗೆ ಮರಳಿ ಬರುವ ಹೊತ್ತಿಗೆ ಉಳಿದದ್ದು 6,299 ಎಕರೆ. ಮಿಕ್ಕದ್ದರಲ್ಲಿ ಬಹಳಷ್ಟು ಕಾಫಿಯಾಯಿತು. ದಾಖಲೆಯಲ್ಲಿ ಸರ್ಕಾರದ್ದು, ನಂಬಿಕೆಯಲ್ಲಿ ದೇವರದು, ಅನುಭೋಗದಲ್ಲಿ ಪಕ್ಕದ ತೋಟದವನದು. ದೇವರು ಸುಮ್ಮನಿರುವುದಿಲ್ಲ ಎಂಬ ಭಯ ಕಾಫಿಯ ಬೆಲೆಯೆದುರು ಬಹಳ ಕಾಲ ನಿಲ್ಲಲಿಲ್ಲ.

ಖಾಸಗಿ ಒಡೆತನದ ಕೆಟ್ಟ ಅಧ್ಯಾಯವನ್ನು ಬರೆಯದಿದ್ದರೆ ಅನ್ಯಾಯವಾಗುತ್ತದೆ. ಸ್ವಾತಂತ್ರ್ಯದ ಆಸುಪಾಸಿನಲ್ಲಿ ಜಮೀನ್ದಾರಿ ಹೋಗುತ್ತದೆ ಎಂಬ ಸುದ್ದಿ ಹಬ್ಬಿದಾಗ ಮದರಾಸು ಪ್ರಾಂತ್ಯದಲ್ಲಿ ದೊಡ್ಡ ದೊಡ್ಡ ಖಾಸಗಿ ಕಾಡುಗಳವರು ಕೊಡಲಿ ಎತ್ತಿದರು. ನಾಳೆ ಸರ್ಕಾರದ್ದಾಗುವುದನ್ನು ಇವತ್ತೇ ದುಡ್ಡು ಮಾಡಿಕೊಳ್ಳುವ ಅವಸರ. ತಡೆಯಲು 1949ರಲ್ಲಿ ಖಾಸಗಿ ಅರಣ್ಯ ಸಂರಕ್ಷಣಾ ಕಾಯ್ದೆ ಬಂತು. ಮಲಬಾರು, ದಕ್ಷಿಣ ಕನ್ನಡಗಳಿಗೂ ಅದು ಅನ್ವಯಿಸುತ್ತಿತ್ತು. 1971ರಲ್ಲಿ ಕೇರಳ ಮಲಬಾರಿನ ಖಾಸಗಿ ಕಾಡುಗಳನ್ನು ಪರಿಹಾರವಿಲ್ಲದೆ ತನ್ನದಾಗಿಸಿಕೊಂಡಿತು.

ಆದರೆ ಈ ಅಧ್ಯಾಯಕ್ಕೆ ಒಂದು ತಿರುವಿದೆ. ನಿಲಂಬೂರು ಕೋವಿಲಗಂ ಎಂಬ ರಾಜಮನೆತನಕ್ಕೆ ನೀಲಗಿರಿಯ ಗೂಡಲೂರಿನಲ್ಲಿ ವಿಶಾಲವಾದ ಕಾಡುಗಳಿದ್ದವು. ಜನ್ಮಂ ಎಸ್ಟೇಟುಗಳ ರದ್ದತಿಗೆ ತಮಿಳುನಾಡು 1969ರಲ್ಲಿ ಕಾಯ್ದೆ ಮಾಡಿತು, ಕಾಡು ಸರ್ಕಾರಕ್ಕೆ ಹೋಯಿತು. ಆಮೇಲೆ ಅಲ್ಲಿ ಮರಗಳು ಉರುಳತೊಡಗಿದವು. ಅದನ್ನು ನೋಡಲಾಗದೆ ಆ ಮನೆತನದ ಹಿರಿಯ ಟಿ.ಎನ್. ಗೋದಾವರ್ಮನ್ ತಿರುಮುಲ್ಪಾಡ್ 1995ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. ಕಳೆದುಕೊಂಡ ಕಾಡನ್ನು ವಾಪಸು ಕೊಡಿ ಎಂದಲ್ಲ, ಉಳಿಸಿ ಎಂದು. 1996ರ ಡಿಸೆಂಬರ್ 12ರಂದು ಕೋರ್ಟು ಕೊಟ್ಟ ಆದೇಶದ ತಿರುಳು ಇದು: ನಿಘಂಟಿನ ಅರ್ಥದಲ್ಲಿ ಯಾವುದು ಕಾಡೋ ಅದು ಕಾಡು, ಒಡೆಯ ಯಾರೇ ಇರಲಿ. ಇಡೀ ದೇಶದ ಅರಣ್ಯಾಡಳಿತ ಅವರ ಹೆಸರಿನ ಆ ಒಂದು ಮೊಕದ್ದಮೆಯ ಮೇಲೆ ದಶಕಗಳ ಕಾಲ ನಡೆಯಿತು. ಮಾಜಿ ಒಡೆಯನೊಬ್ಬ ಹಾಲಿ ಒಡೆಯನ ಮೇಲೆ ಹಾಕಿದ ದಾವೆ, ಒಡೆತನದ ಪ್ರಶ್ನೆಯನ್ನೇ ಬದಿಗೆ ಸರಿಸಿಬಿಟ್ಟಿತು. ಸೊಪ್ಪಿನಬೆಟ್ಟದವರಿಗೂ ಬಾಣೆಯವರಿಗೂ ಆ ನಿಘಂಟಿನ ಅರ್ಥ ಹೊಸ ತಲೆನೋವನ್ನೂ ತಂದಿತು, ಅದು ಇನ್ನೊಂದು ಪ್ರಬಂಧದ ಮಾತು.

ಗ್ಯಾರೆಟ್ ಹಾರ್ಡಿನ್ 1968ರಲ್ಲಿ ಬರೆದ ಪ್ರಸಿದ್ಧ ಲೇಖನವನ್ನು ಕಾಲೇಜಿನಲ್ಲಿ ಓದಿದವರು ಇಲ್ಲಿಯವರೆಗೆ ಚಡಪಡಿಸುತ್ತಿರಬಹುದು. ಎಲ್ಲರ ಗೋಮಾಳ ಯಾರಿಗೂ ಉಳಿಯುವುದಿಲ್ಲ, ಆದ್ದರಿಂದ ಒಂದೋ ಖಾಸಗಿ ಬೇಲಿ, ಇಲ್ಲವೋ ಸರ್ಕಾರದ ಲಾಠಿ ಎಂದು ಆತ ವಾದಿಸಿದ್ದ. ಕುಮಟಾ ತಾಲ್ಲೂಕಿನ ಹಳಕಾರಿನವರು ಆ ಲೇಖನಕ್ಕೆ ನಲವತ್ತು ವರ್ಷ ಮೊದಲೇ ಬೇರೊಂದು ದಾರಿ ಹಿಡಿದಿದ್ದರು. ಕರಾವಳಿಯ ಜನರ ದೂರುಗಳನ್ನು ವಿಚಾರಿಸಿದ ಕಾಲಿನ್ಸ್ ಎಂಬ ಅಧಿಕಾರಿಯ 1921ರ ವರದಿಯ ನಂತರ, ಹಳಕಾರ, ಚಿತ್ರಿಗಿ, ಕಲ್ಲಬ್ಬೆಯಂಥ ಊರುಗಳಿಗೆ ಗ್ರಾಮ ಅರಣ್ಯ ಪಂಚಾಯತಿಗಳು ಬಂದವು. ಊರವರೇ ಕಾವಲುಗಾರನನ್ನು ಇಟ್ಟು, ಮನೆಮನೆಗೆ ಇಷ್ಟು ಉರುವಲು, ಇಷ್ಟು ಸೊಪ್ಪು ಎಂದು ಗೊತ್ತುಮಾಡಿ, ತಪ್ಪಿದವರಿಗೆ ದಂಡ ಹಾಕಿ ಕಾಡು ನೋಡಿಕೊಂಡರು. ಸುತ್ತ ಜನವಸತಿ ಒತ್ತೊತ್ತಾಗಿರುವ ಕುಮಟಾ ಪೇಟೆಯ ಮಗ್ಗುಲಲ್ಲೇ ಹಳಕಾರಿನ ಕಾಡು ಉಳಿಯಿತು. ರಾಜ್ಯ ಏಕೀಕರಣವಾಗಿ ಕರ್ನಾಟಕದ ಹೊಸ ಅರಣ್ಯ ಕಾಯ್ದೆ ಬಂದ ಮೇಲೆ ಇಂಥ ಪಂಚಾಯತಿಗಳನ್ನು ಬರ್ಖಾಸ್ತು ಮಾಡಲು ಇಲಾಖೆ ಹೊರಟಿತು. ಹಳಕಾರಿನವರು ಕೋರ್ಟಿಗೆ ಹೋಗಿ ತಮ್ಮದನ್ನು ಉಳಿಸಿಕೊಂಡರು. ಚೆನ್ನಾಗಿ ನಡೆಯುತ್ತಿದ್ದ ಒಂದನ್ನು ಕಾಯ್ದೆಯಲ್ಲಿ ಅದಕ್ಕೊಂದು ಕಾಲಂ ಇಲ್ಲ ಎಂಬ ಕಾರಣಕ್ಕೆ ಮುಚ್ಚಲು ಹೊರಡುವುದಿದೆಯಲ್ಲ, ಅದನ್ನು ಓದಿದಾಗ ಬುಕಾನನ್‌ನ ಷರಾ ಮತ್ತೆ ನೆನಪಾಗುತ್ತದೆ.

ಅಜ್ಜ ಹೋಗಿ ಬಹಳ ವರ್ಷಗಳಾದವು. 2001ರ ತಿದ್ದುಪಡಿಯ ನಂತರ ಚಿಕ್ಕಪ್ಪ ತೋಟದ ಮೇಲಿನ ಖುಷ್ಕಿಯಲ್ಲಿ ಸಾಲಾಗಿ ಗಂಧದ ಸಸಿ ನೆಟ್ಟರು, ನಡುನಡುವೆ ಆಸರೆಗೆ ತೊಗರಿ ಹಾಕಿದರು. ಹದಿನೈದು ವರ್ಷ ತುಂಬಿದ ಮೇಲೆ ಒಂದು ಮಳೆಯ ರಾತ್ರಿ ಅದರಲ್ಲಿ ಏಳು ಮರ ಹೋದವು. ಬುಡದಲ್ಲಿ ಗರಗಸದ ಹೊಟ್ಟು ಮಾತ್ರ ಉಳಿದಿತ್ತು, ಅದಕ್ಕೂ ಘಮವಿತ್ತು. ದೂರು ಕೊಡಲು ಹೋದಾಗ ಮೊದಲು ಕೇಳಿದ್ದು, ಮರಗಳು ಪಹಣಿಯಲ್ಲಿ ಎಂಟ್ರಿ ಆಗಿದಾವಾ ಎಂದು. ಆಗಿದ್ದವು. ಈಗ ಚಿಕ್ಕಪ್ಪ ಅಲ್ಲಿ ಎರಡು ಕ್ಯಾಮೆರಾ ಹಾಕಿಸಿ, ಒಂದು ನಾಯಿ ಕಟ್ಟಿದ್ದಾರೆ. ಕಳೆದ ದೀಪಾವಳಿಗೆ ಹೋದಾಗ ಹಳೆಯ ಬೇಲಿಸಾಲಿನಲ್ಲಿ, ಅಜ್ಜ ಸಸಿ ಕೀಳುತ್ತಿದ್ದ ಜಾಗದಲ್ಲೇ, ಯಾರೂ ನೆಡದ ಒಂದು ಗಂಧ ಎದೆಯೆತ್ತರ ಬಂದಿತ್ತು. ಬುಡಕ್ಕೆ ಚಿಕ್ಕಪ್ಪ ಬಿದಿರ ಮುಳ್ಳು ಸುತ್ತಿದ್ದರು.